ಹಗ್ಗ ಇದ್ದಾಗ ಸಲಾಂ ಇಲ್ಲ

ಮೊನ್ನೆ ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದೆ. ಉಟ್ಕೂರು ದಾಟಿದ ಮೇಲೆ ನಮ್ಮ ಮುಂದೆ ಒಂದು ಟ್ರ್ಯಾಕ್ಟರು ಕೆಟ್ಟುಹೋದ ಜೀಪನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿತ್ತು. ಟ್ರ್ಯಾಕ್ಟರಿನವನು ಹಿಂದಕ್ಕೆ ನೋಡದೆ ಕೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಿದ. ಜೀಪಿನಲ್ಲಿ ಸ್ಟೀರಿಂಗ್ ಹಿಡಿದು ಕುಳಿತವನು ಹಲ್ಲು ಬಿಟ್ಟು ತಾನೂ ಕೈ ಬೀಸಿದ. ಟ್ರ್ಯಾಕ್ಟರು ನಿಂತಿತು, ಜೀಪು ಹೋಗಿ ಅದರ ಬೆನ್ನಿಗೆ ಗುದ್ದಿತು. ಪೆಟ್ಟೇನೂ ಆಗಲಿಲ್ಲ. ಇಬ್ಬರೂ ಇಳಿದು ತೆಲುಗಿನಲ್ಲಿ ಜಗಳಕ್ಕೆ ನಿಂತರು. ನಿಲ್ಲು ಅಂತ ಕೈ ಮಾಡಿದರೆ ಟಾಟಾ ಮಾಡುತ್ತೀಯಲ್ಲೋ ಎಂದು ಟ್ರ್ಯಾಕ್ಟರಿನವನು ಕೂಗಾಡಿದ. ಬಸ್ಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದ ಹುಡುಗಿ "ಏನಾತಜ್ಜಿ?" ಎಂದು ನೀರಿನ ಬಾಟಲಿ ಕೊಟ್ಟಳು.

ಏನಾಯಿತೆಂದು ಅವಳಿಗೆ ಹೇಗೆ ಹೇಳಲಿ? ಮಕ್ತಲ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದ ಮಾತು ಅದು. ನನ್ನ ತಮ್ಮ ರಾಘು ಬದುಕಿರುವವರೆಗೆ ಆ ಬೇಸಿಗೆಯ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಅವನೂ ಇಲ್ಲ. ನಾನು ಹೋದರೆ ಹೇಳುವವರೇ ಇರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಎರಡನೆಯ ಬೇಸಿಗೆ. ನಮ್ಮದು ನಾರಾಯಣಪೇಟೆಯ ವೈಷ್ಣವ ಮನೆ. ಅಪ್ಪ ನಿಜಾಮರ ಕಚೇರಿಯಲ್ಲಿ ಪೇಶ್ಕಾರರಾಗಿದ್ದವರು. ರಜಾಕಾರರ ಗಲಾಟೆಯಲ್ಲಿ ನಾವೆಲ್ಲ ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಓಡಿಹೋಗಿ, ಮಠದ ಊಟ ಉಂಡು ತಿಂಗಳುಗಟ್ಟಲೆ ಕಾಲ ಹಾಕಿ ವಾಪಸು ಬಂದಿದ್ದೆವು. ಬಂದಾಗ ಊರಿನಲ್ಲಿ ಹೆದರಿದವರು ಬೇರೆಯಾಗಿದ್ದರು. ಮೊದಲು ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ಆಮೇಲೆ ನಮ್ಮ ಓಣಿಯ ಮುಸಲ್ಮಾನರು ಹಾಕಿಕೊಂಡು ಕೂತರು. ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ, ತೆಲುಗು ಕಲಿಸುವವರು ಬೇಕಾಗಿದ್ದರು. ರಾಯಚೂರಿನಲ್ಲಿ ಪರೀಕ್ಷೆ ಪಾಸು ಮಾಡಿ ಕೂತಿದ್ದ ನನಗೆ ಮಕ್ತಲ್ ಹೆಣ್ಣುಮಕ್ಕಳ ಶಾಲೆಗೆ ಹುಕುಂ ಬಂತು. ಅಪ್ಪ ಗೊಣಗಿದರು, ಅವ್ವ ಅತ್ತಳು, ನಾನು ಟ್ರಂಕು ಎತ್ತಿಕೊಂಡು ಹೊರಟೆ.

ನನಗೆ ಕೋಣೆ ಕೊಟ್ಟವರು ಚೆನ್ನಬಸಮ್ಮ. ಕಾಳುಕಡಿ ವ್ಯಾಪಾರದ ಮನೆ, ಮಕ್ತಲ್ ಬಜಾರಿನಲ್ಲಿ ಎಲ್ಲರಿಗಿಂತ ದೊಡ್ಡ ಮಾಳಿಗೆ. ಮೊದಲ ದಿನವೇ ಷರತ್ತು ಹೇಳಿದರು.

"ನಿನ್ನ ಮಡಿ ನಿನ್ನ ಕೋಣ್ಯಾಗ ಇಟ್ಕೋ ಟೀಚರಮ್ಮ. ನನ್ನ ಪಡಸಾಲ್ಯಾಗ ಅದನ್ನ ತರಬ್ಯಾಡ."

ಬಾಯಿ ಜೋರು, ಮನಸ್ಸು ಮೆತ್ತಗೆ. ಹುಲಿಗೂ ಹೆದರದ ಆ ಹೆಂಗಸು ಒಂದಕ್ಕೆ ಮಾತ್ರ ನಡುಗುತ್ತಿದ್ದರು, ವಿಮಾನಕ್ಕೆ. ಪೊಲೀಸ್ ಆಕ್ಷನ್ ದಿನಗಳಲ್ಲಿ ಮೇಲೆ ವಿಮಾನ ಗುಂಯ್ಗುಟ್ಟಿದರೆ ಈ ಕಡೆಯ ಜನ ಮನೆಯೊಳಗಿನ ಹಗೇವಿಗೆ, ಅಂದರೆ ನೆಲದಡಿಯ ಕಾಳಿನ ಗುಂಡಿಗೆ, ಇಳಿದುಬಿಡುತ್ತಿದ್ದರು. ಚೆನ್ನಬಸಮ್ಮ ಮೊಮ್ಮಕ್ಕಳನ್ನು ಬಗಲಿಗೆ ಒತ್ತಿಕೊಂಡು ಹಗಲೆಲ್ಲ ಜೋಳದ ಮೇಲೆ ಕೂತಿದ್ದರಂತೆ. ಬಾಂಬು ಒಂದೂ ಬೀಳಲಿಲ್ಲ. ಹೆದರಿಕೆ ಬಿದ್ದದ್ದು ಬಿದ್ದೇ ಇತ್ತು.

ಅಂಥ ಊರಿಗೆ ಆ ಬೇಸಿಗೆ ಗ್ಲೈಡರಿನವರು ಬಂದರು. ಮಕ್ತಲ್‌ನ ಹೊರಗೆ, ದೊಡ್ಡ ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಹಸನು ಮಾಡಿ ಬಿಟ್ಟಿದ್ದ ಕೆಂಪು ಬಯಲೊಂದಿತ್ತು. ದನ ಮೇಯುತ್ತಿದ್ದ ಆ ಬಯಲಿನಲ್ಲಿ ಡೇರೆ ಹಾಕಿದರು. ಗ್ಲೈಡರಿಗೆ ಎಂಜಿನ್ ಇರುವುದಿಲ್ಲ. ಬರೀ ರೆಕ್ಕೆ, ಬಾಲ, ಒಬ್ಬ ಕೂರುವ ಜಾಗ. ಅದರ ಮೂಗಿಗೆ ಉದ್ದನೆಯ ಹಗ್ಗ ಕಟ್ಟಿ, ಎರಡು ಅಂತಸ್ತಿನ ರೆಕ್ಕೆಯ ಹಳೆಯ ವಿಮಾನವೊಂದು ಎಳೆದುಕೊಂಡು ಮೇಲಕ್ಕೆ ಒಯ್ಯುತ್ತದೆ. ಸಾಕಷ್ಟು ಎತ್ತರ ಸಿಕ್ಕ ಮೇಲೆ ಗ್ಲೈಡರಿನವನು ಒಂದು ಹಿಡಿ ಎಳೆದರೆ ಕೊಂಡಿ ಬಿಚ್ಚಿ ಹಗ್ಗ ಕಳಚಿಕೊಳ್ಳುತ್ತದೆ. ಆಮೇಲೆ ಅವನು ಹದ್ದುಗಳ ಜೊತೆ ಬಿಸಿಗಾಳಿಯ ಮೇಲೆ ಸುತ್ತುತ್ತಾನೆ. ನಮ್ಮ ಕಡೆಯ ಬಿಸಿಲು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ನಾನು ಕಂಡಂತೆ ಅದೊಂದೇ ಸಲ.

ಎಳೆಯುವ ವಿಮಾನ ಓಡಿಸುತ್ತಿದ್ದವರು ಹಬೀಬ್. ಮೂವತ್ತು ದಾಟಿರದ ಮನುಷ್ಯ. ಮೊದಲು ನಿಜಾಮ್ ಸರಕಾರದ ನೌಕರಿಯಲ್ಲಿ ವಿಮಾನ ಹಾರಿಸಿದವರು, ಈಗ ಹೊಸ ಸರಕಾರದ್ದು. "ಮಾಲಕ್ರು ಬದಲಾದ್ರು, ಗಾಳಿ ಅದ ಐತಿ" ಎಂದು ನಗುತ್ತಿದ್ದರು. ಅಮ್ಮಿ, ಅಂದರೆ ತಾಯಿ, ರಾಯಚೂರಿನವರಾದ್ದರಿಂದ ಅವರಿಗೂ ಅವರ ಮನೆಯವರಿಗೂ ನಮ್ಮ ಕನ್ನಡ ಬರುತ್ತಿತ್ತು. ಆದರೆ ಊರಿನವರು ಅವರನ್ನು ನೋಡಿದ್ದು ಓರೆಗಣ್ಣಿನಲ್ಲೇ. ನಿಜಾಮನ ಕಾಲದವನು, ಅದರ ಮೇಲೆ ವಿಮಾನದವನು, ಇನ್ನೇನು ಬೇಕು?

ಅವರು ಮೊದಲ ಸಲ ಮಕ್ತಲ್ ಮೇಲೆ ಹಾರಿದ ದಿನ ಬಜಾರಿನ ಅಂಗಡಿಗಳ ಬಾಗಿಲು ದಡದಡನೆ ಬಿದ್ದವು. ಚೆನ್ನಬಸಮ್ಮ ಹಗೇವಿಗೆ ಓಡುವಾಗ ಮೆಟ್ಟಿಲು ತಪ್ಪಿ ಬಿದ್ದು ಕಾಲು ಉಳುಕಿಸಿಕೊಂಡರು. ಸುದ್ದಿ ಕ್ಯಾಂಪಿಗೆ ಮುಟ್ಟಿತು. ಸಂಜೆ ಹಬೀಬರು ಸೈಕಲ್ ತುಳಿದುಕೊಂಡು ಬಂದು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಮಾಫ್ ಮಾಡ್ರಿ ಅಮ್ಮ. ನಿಮಗ ಹೆದರಿಸಾಕ ಬಂದಿದ್ದಿಲ್ಲ."

ಚೆನ್ನಬಸಮ್ಮ ಒಳಗಿನಿಂದಲೇ ಕೂಗಿದರು. "ಮತ್ತ ಬರೋದಿದ್ರ ಹೇಳಿ ಬಾರಪ್ಪ. ಕಳ್ಳನಂಗ ಬರಬ್ಯಾಡ."

"ಮ್ಯಾಲಿಂದ ಕೂಗಿದ್ರ ಕೇಳಂಗಿಲ್ರಿ."

"ಹಂಗಾದ್ರ ನೀನಽ ಅಂತ ನಂಗ ಹೆಂಗ ಗೊತ್ತಾಗಬೇಕು?"

ಹಬೀಬರು ಎರಡೂ ಕೈ ಚಾಚಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಮಾಡಿ ತೂಗಿ ತೋರಿಸಿದರು. "ರೆಕ್ಕಿ ಹಿಂಗ ತೂಗ್ತೀನಿ. ಅಂದ್ರ ಸಲಾಂ ಅಂತ ತಿಳ್ಕೋರಿ. ನಾ ಹಬೀಬ, ಹೆದರಬ್ಯಾಡ್ರಿ ಅಂತ."

"ತೂಗದ ಹೋದ್ಯೋ, ನಾ ಮತ್ತ ಹಗೇವಿಗೆ ಇಳಿಯಾಕಿ. ಇನ್ನೊಂದ್ ಕಾಲು ಮುರದ್ರ ನಿನ್ನ ಮನಿಗೇ ಬಂದು ಮಲಗ್ತೀನಿ, ನೋಡ್ಕೋ."

ಹೀಗೆ ಕರಾರು ಆಯಿತು. ಮರುದಿನದಿಂದ ಗ್ಲೈಡರನ್ನು ಮೇಲೆ ಬಿಟ್ಟು ಒಬ್ಬರೇ ವಾಪಸು ಬರುವಾಗ ಹಬೀಬರು ನಮ್ಮ ಮಾಳಿಗೆಯ ಮೇಲೆ ಬಂದು ರೆಕ್ಕೆ ತೂಗುವರು. ಮೊದಮೊದಲು ಚೆನ್ನಬಸಮ್ಮ ಹಗೇವಿನ ಬಾಯಿಯಲ್ಲಿ ಒಂದು ಕಾಲಿಟ್ಟು ನೋಡುವರು. ವಾರ ಕಳೆಯುವುದರೊಳಗೆ ಮೊಮ್ಮಕ್ಕಳನ್ನು ಕಟ್ಟಿಕೊಂಡು ಮಾಳಿಗೆ ಏರಿ ಸೆರಗು ಬೀಸತೊಡಗಿದರು. ನೋಡುನೋಡುತ್ತ ಬಜಾರಿನ ಎಲ್ಲ ಮಾಳಿಗೆಗಳಿಗೂ ಆ ಚಟ ಹತ್ತಿತು. 'ಸಲಾಂ ಇಮಾನ' ಬಂತು ಎಂದು ನಮ್ಮ ಶಾಲೆಯ ಹುಡುಗಿಯರು ಪಾಠ ಬಿಟ್ಟು ಹೊರಗೆ ಓಡುವರು. ಗದ್ವಾಲಿನ ಸ್ಟೇಷನ್ನಿನಲ್ಲಿ ಇಳಿದ ಪೆಟ್ರೋಲು ಪೀಪಾಯಿಗಳನ್ನು ಕೃಷ್ಣೆ ದಾಟಿಸಿ ಕ್ಯಾಂಪಿಗೆ ತರುವ ಬಂಡಿಗಳು ಚೆನ್ನಬಸಮ್ಮನ ಮಗನವೇ ಆದವು. ಹಬೀಬರು ಬಜಾರಿನಲ್ಲಿ ನಡೆದು ಹೋದರೆ ಅಂಗಡಿಯವರು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ದೊಡ್ಡವರು ಭಾಷಣ ಮಾಡಿ ಮಾಡಿ ಆಗದೇ ಇದ್ದದ್ದನ್ನು ಆ ಮನುಷ್ಯ ರೆಕ್ಕೆ ತೂಗಿ ಮಾಡಿದ ಎಂದು ನನಗೆ ಆಗ ಬಹಳ ಸಂತೋಷವಾಗಿತ್ತು.

ಕ್ಯಾಂಪಿನ ಹಿರಿಯರು ಧಾರವಾಡದ ಕಡೆಯ ದೇಶಪಾಂಡೆಯವರು. ಹಾರಾಟ ಕಲಿಸುವವರು ಅವರೇ. ಅವರಿಗೆ ಈ ಸಲಾಂ ಹಿಡಿಸಲಿಲ್ಲ. ಹಗ್ಗದ ಎರಡು ತುದಿಯಲ್ಲಿರುವ ಇಬ್ಬರಿಗೂ ಮಾತಾಡಲು ರೇಡಿಯೋ ಇರಲಿಲ್ಲ, ಇದ್ದದ್ದು ಸನ್ನೆಗಳಷ್ಟೇ. ಮುಂದಿನವನು ರೆಕ್ಕೆ ತೂಗಿದರೆ 'ನನಗೆ ಅಪಾಯ ಬಂದಿದೆ, ಈ ಕ್ಷಣ ಹಗ್ಗ ಬಿಡು' ಎಂದರ್ಥ. ಹಿಂದಿನವನಿಗೆ ಬಿಡಲು ಆಗದೆ ಕೊಂಡಿ ಸಿಕ್ಕಿಕೊಂಡಿದ್ದರೆ ಅವನು ಎಡಕ್ಕೆ ಸರಿದು ತನ್ನ ರೆಕ್ಕೆ ತೂಗಬೇಕು. ಆಗ ಮುಂದಿನವನೇ ಅವನನ್ನು ಬಯಲು ಇರುವ ಕಡೆಗೆ ಎಳೆದುಕೊಂಡು ಹೋಗಿ ತನ್ನ ತುದಿಯಿಂದ ಹಗ್ಗ ಕಳಚಬೇಕು. ಇಂಥ ಸನ್ನೆಯನ್ನು ಊರ ಜನರ ಖುಷಿಗೆ ಬಳಸುವುದೇ ಎಂದು ದೇಶಪಾಂಡೆಯವರು ಸಿಟ್ಟಾದಾಗ ಹಬೀಬರು ಕಿವಿ ಹಿಡಿದುಕೊಂಡು ಹೇಳಿದರಂತೆ, "ಒಬ್ಬನ ಇದ್ದಾಗ ಅಷ್ಟ ಸಾಬ್. ಹಗ್ಗ ಇದ್ದಾಗ ಸಲಾಂ ಇಲ್ಲ."

ಇದೆಲ್ಲ ನನಗೆ ಗೊತ್ತಾದದ್ದು ರಾಘುನಿಂದ. ಕ್ಯಾಂಪಿನಲ್ಲಿ ಕಲಿಯಲು ಸ್ಥಳೀಯ ಹುಡುಗರನ್ನು ತೆಗೆದುಕೊಳ್ಳುತ್ತಾರೆಂದು ಕೇಳಿ ಅವನು ನಾರಾಯಣಪೇಟೆಯಿಂದ ಓಡಿಬಂದು ನನ್ನ ಕೋಣೆಯಲ್ಲಿ ಠಿಕಾಣಿ ಹೂಡಿದ್ದ. ಮೀಸೆ ಬಂದ ಗಂಡಸು, ಅಪ್ಪ ನೋಡಿಟ್ಟ ಕರಣಿಕೆಯ ನೌಕರಿಯನ್ನು ಒದ್ದು ಬಂದವನು. ಸನ್ನೆಗಳ ಬಾಯಿಪಾಠವನ್ನು ನನಗೇ ಒಪ್ಪಿಸುವನು. ಮಾಳಿಗೆಯ ಮೇಲೆ ಬಾವಿಯ ಹಗ್ಗದ ಒಂದು ತುದಿ ನನ್ನ ನಡುವಿಗೆ, ಇನ್ನೊಂದು ತುದಿ ಅವನ ಕೈಗೆ. ನಾನು ಕೈ ಚಾಚಿ ನಡೆಯಬೇಕು, ತೋಳು ತೂಗಿದ ತಕ್ಷಣ ಅವನು ಹಗ್ಗ ಬಿಡಬೇಕು. ಸಾಲಿ ಟೀಚರಮ್ಮಗ ಮದ್ದಿಲ್ಲದ ಹುಚ್ಚು ಹಿಡದೈತಿ ಎಂದು ಚೆನ್ನಬಸಮ್ಮ ನಗುವರು. ರಾಘು ಒಂದು ದಿನವೂ ತಪ್ಪಲಿಲ್ಲ. ನನ್ನ ತೋಳು ಅಲುಗುವುದೇ ತಡ, ಹಗ್ಗ ನೆಲಕ್ಕೆ ಬೀಳುತ್ತಿತ್ತು.

ಬೇವಿನ ಹೂ ಉದುರುವ ಹೊತ್ತಿಗೆ ಅವನು ಒಬ್ಬನೇ ಹಾರುವಷ್ಟು ಕಲಿತ. ಅವ್ವನಿಗೆ ಹೇಳಿ ಕಳಿಸಿದೆವು. ಅವ್ವ ಅಪ್ಪನಿಗೆ ಹನುಮಪ್ಪನ ದರ್ಶನಕ್ಕೆಂದು ಸುಳ್ಳು ಹೇಳಿ ಬಂಡಿಯಲ್ಲಿ ಬಂದಳು. ಅಂದು ಸಂಜೆ ಹಬೀಬರು ಎಂದಿನಂತೆ ಕಟ್ಟೆಗೆ ಬಂದು ಕೂತಿದ್ದರು. ರಾಘು ಅವರ ಹಿಂದೆ ಬಿದ್ದ.

"ಹಬೀಬ್ ಭಾಯ್, ನಾಳೆ ನನ್ನ ಎಳಕೊಂಡು ಹೋಗಾಗ ಈ ಮಾಳಗಿ ಮ್ಯಾಲೆ ಒಂದ್ ಸಲ ತೂಗ್ರಿ. ಅವ್ವ ನಿಂತಿರ್ತಾಳ."

"ಆಗಂಗಿಲ್ಲ."

"ಒಂದ ಸಲ ಭಾಯ್. ನಾನೂ ತೂಗ್ತೀನಿ. ಅವ್ವಗ ಖುಷಿ ಆಗತೈತಿ."

ಹಬೀಬರು ಅವನ ಕಿವಿ ಹಿಂಡಿದರು. "ಹಗ್ಗ ಇದ್ದಾಗ ಸಲಾಂ ಇಲ್ಲ. ನಿನ್ನ ಮ್ಯಾಲೆ ಬಿಟ್ಟು ವಾಪಸ್ ಬರಾಗ ಅಮ್ಮಾರಿಗೆ ಒಂದಲ್ಲ, ಹತ್ತು ಸಲಾಂ ಮಾಡ್ತೀನಿ. ತಿಳೀತಾ?"

ರಾಘು ಮುಖ ಊದಿಸಿಕೊಂಡ. ಅವ್ವ ಒಳಗಿನಿಂದ ಇಣುಕಿ, "ಪಾಪ, ಹುಡುಗ ಇಷ್ಟ್ ಕೇಳಾಕ ಹತ್ಯಾನ, ಮಾಡಿದ್ರ ಏನ್ ಗಂಟು ಹೋಗತೈತ್ರಿ?" ಎಂದಳು. ಹಬೀಬರು ನಕ್ಕು ಸೈಕಲ್ ಏರಿದರು.

ಮರುದಿನ ಮಧ್ಯಾಹ್ನ. ಬಿಸಿಲಿಗೆ ಮಾಳಿಗೆಯ ಗಚ್ಚು ಕಾಲು ಸುಡುತ್ತಿತ್ತು. ಅವ್ವ, ನಾನು, ಚೆನ್ನಬಸಮ್ಮ, ಅಕ್ಕಪಕ್ಕದ ಮಾಳಿಗೆಗಳ ತುಂಬ ಜನ. ಟೀಚರಮ್ಮನ ತಮ್ಮ ಒಬ್ಬನೇ ಹಾರುತ್ತಾನೆಂದು ಊರಿಗೆಲ್ಲ ಡಂಗುರ ಹೊಡೆದವರು ಚೆನ್ನಬಸಮ್ಮ. ಬಯಲಿನ ಕಡೆಯಿಂದ ಜೋಡಿ ಎದ್ದಿತು. ಮುಂದೆ ಹಬೀಬರ ವಿಮಾನ, ಹಿಂದೆ ಹಗ್ಗ, ಹಗ್ಗದ ತುದಿಗೆ ಬೆಳ್ಳಗೆ ನನ್ನ ತಮ್ಮ. ಅವ್ವ ಕೈ ಮುಗಿದು ರಾಯರನ್ನು ನೆನೆದಳು. ಅವರು ಊರಿನ ಮೇಲೆ ಬರುವಾಗ ಇನ್ನೂ ಹೆಚ್ಚು ಎತ್ತರ ಏರಿರಲಿಲ್ಲ.

ಆಗ ಮುಂದಿನ ವಿಮಾನ ರೆಕ್ಕೆ ತೂಗಿತು.

ಎಲ್ಲ ಮಾಳಿಗೆಗಳಿಂದ ಒಂದೇ ಸಲ ಕೇಕೆ ಎದ್ದಿತು. ಹೆಂಗಸರು ಸೆರಗು ಬೀಸಿದರು, ಗಂಡಸರು ರುಮಾಲು ಬೀಸಿದರು, ಚಪ್ಪಾಳೆಯೋ ಚಪ್ಪಾಳೆ. ಅವ್ವನ ಕಣ್ಣಲ್ಲಿ ನೀರು. "ನೋಡಽ, ಒಲ್ಲೆ ಒಲ್ಲೆ ಅಂದು ಹುಡುಗನ ಮಾತು ನಡಿಸಿಕೊಟ್ಟ ಪುಣ್ಯಾತ್ಮ" ಎಂದಳು. ನನ್ನ ಮುಖದಲ್ಲೂ ನಗು ಬಂದಿತ್ತು. ಅದು ಇನ್ನೂ ಮುಖದ ಮೇಲಿರುವಾಗಲೇ ಎಂಜಿನ್ನಿನ ಸಪ್ಪಳ ಕಿವಿಗೆ ಬಿತ್ತು. ಪ್ರತಿದಿನ ಕೇಳುತ್ತಿದ್ದ ಸಪ್ಪಳ ಅದಾಗಿರಲಿಲ್ಲ. ಕೆಮ್ಮಿ, ನಿಂತು, ಮತ್ತೆ ಕೆಮ್ಮುತ್ತಿತ್ತು. ವಿಮಾನ ಮತ್ತೆ ತೂಗಿತು, ಇನ್ನೂ ಜೋರಾಗಿ. ಜನ ಇನ್ನೂ ಜೋರಾಗಿ ಕೂಗಿದರು. ಹಬೀಬರು ಮೇಲೆ ಪ್ರಾಣಸಂಕಟದಲ್ಲಿ ಬಿಡು ಬಿಡು ಎನ್ನುತ್ತಿದ್ದಾರೆ, ಇಡೀ ಊರು ಕೆಳಗೆ ಚಪ್ಪಾಳೆ ತಟ್ಟುತ್ತಿದೆ.

"ಬಿಡೋ ರಾಘು, ಹಗ್ಗ ಬಿಡೋ!" ಎಂದು ಚೀರಿದೆ. ಪಕ್ಕದಲ್ಲಿದ್ದ ಅವ್ವನಿಗೇ ಕೇಳಲಿಲ್ಲ.

ರಾಘು ಬಿಡಲಿಲ್ಲ. ನಮ್ಮ ಮಾಳಿಗೆ ಇದ್ದದ್ದು ಅವನ ಎಡಕ್ಕೆ. ಅವ್ವನಿಗೆ ಚೆನ್ನಾಗಿ ಕಾಣಲೆಂದು ಅವನು ಎಡಕ್ಕೆ ಸರಿದ. ಸರಿದು, ತಾನೂ ರೆಕ್ಕೆ ತೂಗಿದ. ನಿಧಾನವಾಗಿ, ಚೆಂದವಾಗಿ, ಮೂರು ನಾಲ್ಕು ಸಲ ತೂಗಿದ.

ಅದನ್ನು ನೋಡಿದ ತಕ್ಷಣ ಮುಂದಿನ ವಿಮಾನ ತೂಗುವುದನ್ನು ನಿಲ್ಲಿಸಿತು. ಹಬೀಬರಿಗೆ ಉತ್ತರ ಸಿಕ್ಕಿತ್ತು. ಹುಡುಗನ ಕೊಂಡಿ ಸಿಕ್ಕಿಕೊಂಡಿದೆ, ಅವನು ಬಿಡಲಾರ ಎಂಬ ಉತ್ತರ. ವಿಮಾನ ಆಮೇಲೆ ಅತ್ತಿತ್ತ ತಿರುಗಲಿಲ್ಲ. ಕೆಮ್ಮುತ್ತ, ಇಳಿಯುತ್ತ, ಮಾಳಿಗೆಗಳ ಮೇಲಿಂದಲೇ ನನ್ನ ತಮ್ಮನನ್ನು ಎಳೆದುಕೊಂಡು ಊರಾಚೆಯ ಕೆರೆಯ ದಿಕ್ಕಿಗೆ ನೆಟ್ಟಗೆ ಹೋಯಿತು. ಊರು ಮುಗಿದು ಕೊಯ್ಲಾದ ಜೋಳದ ಹೊಲಗಳು ಬಂದ ಮೇಲೆ ಹಗ್ಗ ಮುಂದಿನ ತುದಿಯಿಂದ ಕಳಚಿ ಬಿದ್ದದ್ದು ಕಂಡಿತು. ಗ್ಲೈಡರು ತೇಲುತ್ತ ಕೂಳೆ ಹೊಲದ ಕಡೆಗೆ ತಿರುಗಿತು. ಆ ಹೊತ್ತಿಗೆ ಹಬೀಬರಿಗೆ ಎತ್ತರವೂ ಉಳಿದಿರಲಿಲ್ಲ, ವೇಗವೂ ಉಳಿದಿರಲಿಲ್ಲ. ಎದುರಿಗಿದ್ದದ್ದು ಕೆರೆಯ ಏರಿ. ಧೂಳು ಎದ್ದಿತು, ಸಪ್ಪಳ ಆಮೇಲೆ ಬಂತು. ಪಕ್ಕದ ಮಾಳಿಗೆಯಲ್ಲಿ ಆಗಲೂ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಕೂಳೆ ಚುಚ್ಚಿ ಪಾದವೆಲ್ಲ ರಕ್ತವಾದದ್ದು ಸಂಜೆ ಕಂಡಿತು. ಹೋದಾಗ ರಾಘು ಏರಿಯ ಹತ್ತಿರ ನಿಂತಿದ್ದ, ಮೈಮೇಲೆ ಒಂದು ಗೀರೂ ಇರಲಿಲ್ಲ. ಮುರಿದ ವಿಮಾನದಿಂದ ಹಬೀಬರನ್ನು ಹೊರಗೆ ತೆಗೆದು ಮಲಗಿಸಿದ್ದರು. ಅವರಲ್ಲಿ ಉಸಿರಿರಲಿಲ್ಲ. ದೇಶಪಾಂಡೆಯವರು ಜೀಪಿನಿಂದ ಇಳಿದು ನೇರವಾಗಿ ರಾಘುನ ಭುಜ ಹಿಡಿದರು.

"ಕೊಂಡಿ ಸಿಕ್ಕೊಂಡಿತ್ತೇನು?"

"ಇಲ್ರಿ ಸರ್."

"ಇಲ್ಲ? ಮತ್ತ ಎಡಕ್ಕ ಸರದು ಯಾಕ ತೂಗಿದಿ?"

"ಅವರು ಸಲಾಂ ಮಾಡಿದ್ರು ಸರ್... ಅದಕ್ಕ..."

ತಾನು ಆಡಿದ್ದು ತನ್ನ ಕಿವಿಗೆ ಬಿದ್ದು ಅದರ ಅರ್ಥವಾಗುವುದನ್ನು ನಾನು ಅವನ ಮುಖದಲ್ಲಿ ನೋಡಿದೆ. ಅಂಥದನ್ನು ಅದಕ್ಕಿಂತ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅವನು ಹೊಲದಲ್ಲೇ ಕೂತುಬಿಟ್ಟ. ದೇಶಪಾಂಡೆಯವರು ಅವನನ್ನು ಬಯ್ಯಲಿಲ್ಲ. ತಾವೂ ಅವನ ಪಕ್ಕ ಕೂತರು.

ಇದೇ ಸಾಕಿತ್ತು. ಆದರೆ ಹೊತ್ತು ಮುಳುಗುವುದರೊಳಗೆ ಬಜಾರು ಬೇರೆಯೇ ಮಾತಾಡತೊಡಗಿತು. ಬೆಳಿಗ್ಗೆವರೆಗೆ ಹಬೀಬ್ ಭಾಯ್ ಎಂದು ಚಹಾ ಕುಡಿಸಿದ ಬಾಯಿಗಳೇ ಅವು. ವಿಮಾನ ಕೆಟ್ಟರೆ ಹಗ್ಗ ಆಗಲೇ ಯಾಕೆ ಬಿಡಲಿಲ್ಲ? ಬಯಲಿಗೆ ಯಾಕೆ ತಿರುಗಲಿಲ್ಲ? ಬ್ರಾಹ್ಮಣರ ಹುಡುಗನನ್ನು ಎಳೆದುಕೊಂಡು ಹೋಗಿ ಏರಿಗೆ ಬಡಿಯಬೇಕೆಂದಿದ್ದ, ದೇವರು ಹುಡುಗನನ್ನು ಉಳಿಸಿದ. ಎಷ್ಟೆಂದರೂ ನಿಜಾಮನ ಉಪ್ಪು ತಿಂದವನು. ನನ್ನ ಕಿವಿಯಿಂದ ಕೇಳಿದ ಮಾತುಗಳು ಇವು. ಅಷ್ಟು ದಿನದ ಸಲಾಮು ಒಂದು ಸಂಜೆಗೆ ಎಲ್ಲಿ ಹೋಯಿತು? ಏರಿಗೆ ವಿಮಾನ ಬಡಿದದ್ದನ್ನಾದರೂ ನಂಬಿದೆ, ಇದನ್ನು ನಂಬಲು ನನಗೆ ಇವತ್ತಿಗೂ ಆಗುವುದಿಲ್ಲ. ಚೆನ್ನಬಸಮ್ಮ ಅಂಗಡಿಯ ಮುಂದೆ ಹೋಗಿ "ನಿಮ್ಮ ನಾಲಿಗಿಗೆ ಹುಳ ಬೀಳಲಿ" ಎಂದು ಬೈದು ಬಂದರು. ಬಂದವರು ಹಗೇವಿನ ಬಾಯಿಯ ಹತ್ತಿರ ಕೂತು "ತೂಗು ಅಂದಾಕಿ ನಾನ, ನಾನಽ" ಎಂದು ಹಣೆ ಚಚ್ಚಿಕೊಂಡರು. ಅಂದು ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಹೈದರಾಬಾದಿನ ಹಬೀಬರ ಮನೆಗೆ ತಾರು ಹೋಗಿತ್ತು. ಮರುದಿನ ಬೆಳಿಗ್ಗೆ, ತಹಸೀಲ್ದಾರರು ಮುಸಾಫರಿ ಬಂಗಲೆಯಲ್ಲಿ ವಿಚಾರಣೆಗೆ ಕೂತಿದ್ದಾರೆ, ರಾಘು ಬಂದು ಹೇಳಿಕೆ ಕೊಡಬೇಕು ಎಂದು ಚಪರಾಸಿ ಬಂದು ಹೇಳಿದ. ಅವ್ವ ಮಗನ ಎರಡೂ ಕೈ ಹಿಡಿದುಕೊಂಡಳು.

"ನಂಗೇನೂ ತಿಳೀಲಿಲ್ಲ ಅಂತ ಹೇಳು, ಸಾಕು. ನೀ ಉಳದು ಬಂದಿ. ಹೋದವರು ಹೋದ್ರು. ಇಲ್ಲದ್ದು ಮೈಮ್ಯಾಲೆ ಹಾಕ್ಕೊಂಡು ಜೇಲಿಗೆ ಹೋಗಬ್ಯಾಡಪ್ಪಾ."

ನಾನು ಬಜಾರಿನ ಮಾತನ್ನು ಅವನಿಗೆ ಹೇಳಿದೆ. ಹೇಳಬಾರದೆಂದು ಅವ್ವ ಕಣ್ಣು ಮಾಡುತ್ತಿದ್ದಳು, ಆದರೂ ಹೇಳಿದೆ. ಅವನು ಮುಖವೆತ್ತಿ, "ಕೊಲ್ಲಾಕ ಎಳಕೊಂಡು ಹೋದ್ರು ಅಂತಾರ? ಹಬೀಬ್ ಭಾಯ್‌ಗ?" ಎಂದ. ಎದ್ದು ಬಾವಿಯ ನೀರು ಸುರಿದುಕೊಂಡು ಒದ್ದೆ ಮೈಯಲ್ಲೇ ಅಂಗಿ ಹಾಕಿಕೊಂಡು ಹೊರಟ. ಅವ್ವ, ನಾನು ಹಿಂದೆ ಹೋದೆವು.

ಬಂಗಲೆಯ ಜಗುಲಿಯಲ್ಲಿ ತಹಸೀಲ್ದಾರರು, ದೇಶಪಾಂಡೆಯವರು. ಅವರ ಪಕ್ಕದ ಕುರ್ಚಿಯಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು, ಶೇರ್ವಾನಿಯ ಅಂಚಿಗೆ ಕೃಷ್ಣೆಯ ಕೆಸರು ಹತ್ತಿತ್ತು. ಹಬೀಬರ ತಂದೆ. ಗದ್ವಾಲಿನವರೆಗೆ ರೈಲಿನಲ್ಲಿ ಬಂದು, ಪುಟ್ಟಿಯೆಂಬ ಹರಿಗೋಲಿನಲ್ಲಿ ನದಿ ದಾಟಿ, ಅದೇ ತಾನೇ ಬಂದು ಇಳಿದಿದ್ದರು. ಒಳಗಿನ ಕೋಣೆಯಲ್ಲಿ ಮಗನ ಹೆಣ. ಅಂಗಳದ ತುಂಬ ಜನ. ಆ ಜನ ಆಡಿಕೊಳ್ಳುವುದು ಮುದುಕರ ಕಿವಿಗೂ ಬಿದ್ದಿರಬೇಕು, ತಲೆ ತಗ್ಗಿಸಿ ಕೋಲಿನ ತುದಿ ನೋಡುತ್ತ ಕೂತಿದ್ದರು.

ರಾಘು ತಹಸೀಲ್ದಾರರ ಕಡೆ ನೋಡಲಿಲ್ಲ, ಜನರ ಕಡೆ ತಿರುಗಿ ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ.

"ಎಲ್ರೂ ಕೇಳ್ರಿ. ಅವರು ತೂಗಿದ್ದು ಸಲಾಂ ಅಲ್ಲ. ಹಗ್ಗ ಬಿಡು ಅಂತ ತೂಗಿದ್ರು. ನಾ ಬಿಟ್ಟಿದ್ರ ಬಯಲಿಗೆ ತಿರುಗಿ ಅವರೂ ಉಳೀತಿದ್ರು. ಹಿಂದಿನ ದಿನ ನಾನ ಬೇಡಿದ್ದೆ, ಅವ್ವಗ ಸಲಾಂ ಮಾಡ್ರಿ ಅಂತ. ಅವರು ಒಲ್ಲೆ ಅಂದಿದ್ರು. ತೂಗಿದ್ ನೋಡಿ ಮನಸ್ಸು ಬದಲ್ ಮಾಡ್ಯಾರ ಅನ್ಕೊಂಡೆ. ನಾನೂ ಎಡಕ್ಕ ಸರದು ತೂಗಿದೆ. ಹಂಗ ತೂಗಿದ್ರ ನಂಗ ಹಗ್ಗ ಬಿಡಾಕ ಆಗವಲ್ದು ಅಂತ ಅರ್ಥ. ಅದನ್ನ ನಂಬಿ ಅವರು ನನ್ನ ಊರು ದಾಟಿಸಿ, ಹೊಲ ಸಿಗೋತನಕ ಎಳಕೊಂಡು ಹೋದ್ರು. ನನ್ನ ಬದುಕಿಸಾಕ ಎಳಕೊಂಡು ಹೋದ್ರು. ಅವರನ್ನ ಕೊಂದಾಂವ ನಾನು. ಇನ್ನ ಯಾರರ ಬಾಯಿ ತೆರದ್ರ ನನ್ನ ಹೆಸರು ಹೇಳ್ರಿ, ಅವರದ್ದಲ್ಲ."

ದೇಶಪಾಂಡೆಯವರು ಹೌದೆಂದು ತಲೆಯಾಡಿಸಿದರು. ಅವ್ವ ನನ್ನ ತೋಳಿಗೆ ಆತುಕೊಂಡಿದ್ದಳು. ಈ ಮುದುಕರು ಈಗ ಎದ್ದು ಅವನ ಕೆನ್ನೆಗೆ ಹೊಡೆಯುತ್ತಾರೆ, ಹೊಡೆಯಲಿ, ಹೊಡೆದರೆ ಒಳ್ಳೆಯದು ಎಂದು ನನಗೆ ಅನ್ನಿಸುತ್ತಿತ್ತು. ಅವರು ಕೋಲೂರಿ ಎದ್ದರು. ರಾಘುನ ಹತ್ತಿರ ಬಂದು ಅವನ ಮುಖ ನೋಡಿದರು.

"ಬೇಟಾ, ಹಗ್ಗ ಬಿಟ್ಟ ಮ್ಯಾಲೆ ನೀ ನೆಲಕ್ಕ ಇಳದದ್ದು ಅವ ನೋಡಿದನಾ?"

ನಾವ್ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

"ಇಲ್ರಿ. ನಾ ಇಳಿಯೋಕಿಂತ ಮುಂಚೇನ..."

"ಹಂಗಾದ್ರ ಅವಗ ಗೊತ್ತಿಲ್ಲ."

"ಇಲ್ರಿ."

ಮುದುಕರು ರಾಘುನ ಮುಂಗೈ ಹಿಡಿದರು. ಹಿಡಿದುಕೊಂಡೇ ಒಳಗಿನ ಕೋಣೆಗೆ ನಡೆದರು. ನಾನು ಬಾಗಿಲವರೆಗೆ ಹೋದೆ. ಅವ್ವ, ಮಡಿಯ ಸೆರಗು ಎಂದೂ ಯಾರಿಗೂ ತಾಗಿಸದ ನನ್ನ ಅವ್ವ, ಜನರ ನಡುವೆಯೇ ನುಗ್ಗಿ ಬಂದು ನನ್ನ ಪಕ್ಕ ನಿಂತಳು. ನೆಲದ ಮೇಲೆ ಬಿಳಿ ಬಟ್ಟೆ ಸುತ್ತಿ ಹಬೀಬರನ್ನು ಮಲಗಿಸಿದ್ದರು. ಮುದುಕರು ಬಗ್ಗಿ ಮುಖದ ಮೇಲಿನ ಬಟ್ಟೆ ಸರಿಸಿದರು.

"ನೀನ ಹೇಳು ಅವಗ" ಎಂದರು.

ರಾಘು ಮಂಡಿಯೂರಿ ಕೂತ. ಮುದುಕರು ಅವನ ಬೆನ್ನ ಮೇಲೆ ಕೈ ಇಟ್ಟರು. ಆಗ ಅವನು ಹಬೀಬರ ಕಿವಿಯ ಹತ್ತಿರ ಬಾಯಿ ಒಯ್ದ.

"ಹಬೀಬ್ ಭಾಯ್, ನಾ ರಾಘು. ಇಳದೀನ್ರಿ. ಹೊಲದಾಗ ಇಳದೀನಿ. ಏನೂ ಆಗಿಲ್ಲ ನಂಗ."